ಎಲ್ಲಿಗೆ ಎಂದು ಕೇಳಬಾರದು

ತಲೆ ಬಾಚುವಾಗ ಮಗಳ ಮುಖ ಕಾಣುವುದಿಲ್ಲ ಎಂಬುದು ಶಿವಕಾಂತಾಳಿಗೆ ಆ ಬೆಳಿಗ್ಗೆ ಒಂದು ಉಪಕಾರದ ಹಾಗೆ ತೋರಿತು. ಎಣ್ಣೆ ಹಚ್ಚಿದ ಕೂದಲನ್ನು ಎರಡು ಪಾಲು ಮಾಡಿ, ನಡುವೆ ತೆರೆದುಕೊಂಡ ಬೆಳ್ಳನೆಯ ಬೈತಲೆಯನ್ನೇ ನೋಡುತ್ತ ಅವಳು ನಿನ್ನೆ ಸಂಜೆ ಫೋನಿನಲ್ಲಿ ಗಂಡ ಹೇಳಿದ ಮಾತುಗಳನ್ನು ಮತ್ತೆ ಒಳಗೊಳಗೇ ಆಡಿಸಿದಳು. ಝಾನ್ಸಿಗೆ ವರ್ಗ ಆಗಿದೆ. ಕ್ವಾರ್ಟರ್ಸ್ ಸಿಕ್ಕಿದೆ. ಬರುವ ವಾರವೇ ಹೊರಡಬೇಕು. ಹವಾಲ್ದಾರ ಶಾಂತಕುಮಾರ ಹೆಂಡತಿ ಮಕ್ಕಳನ್ನು ಕರೆದೊಯ್ಯಲಾಗದ ಹಿಮದ ಗಡಿಗೆ ಹೋದಾಗ ತಾಯಿ ಮಗಳು ಅಂಬಾಲಾ ಬಿಟ್ಟು ಅಫಜಲಪುರಕ್ಕೆ ಬಂದು ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನೆಲೆಸಿದ್ದರು. ಈಗ ಮತ್ತೆ ಮೂವರೂ ಒಂದೇ ಸೂರಿನಡಿ ಇರಬಹುದು. ಅವನ ದನಿಯಲ್ಲಿ ಹುಡುಗನಂಥ ಹಿಗ್ಗು ಇತ್ತು. "ಸೃಷ್ಟಿಗೆ ಫೋನ್ ಕೊಡು, ನಾನೇ ಹೇಳ್ತೇನಿ" ಅಂದವನು ಅಲ್ಲಿಗೇ ತಡೆದು, "ಬ್ಯಾಡ ಬಿಡು. ಸುಮ್ಮ ಸಾಲಿಗಿ ಹೋಗೋ ಕೂಸು, ಮನಸ್ಸು ಕೆಡಿಸ್ಕೋತದ. ಪ್ರತಿ ಸಲ ಮಾಡಿದಂಗ ಮಾಡು" ಅಂದಿದ್ದ.

ಪ್ರತಿ ಸಲ ಮಾಡಿದ ಹಾಗೆ ಎಂದರೆ ಮಗಳು ಸ್ಕೂಲಿಗೆ ಹೋಗುವ ತನಕ ಏನೂ ನಡೆದೇ ಇಲ್ಲವೆಂಬಂತೆ ಇರುವುದು. ಸ್ಕೂಲ್ ಬಸ್ಸು ತಿರುವಿನಲ್ಲಿ ಮರೆಯಾದೊಡನೆ ಮಂಚದಡಿಯ ಕರಿಯ ಟ್ರಂಕುಗಳನ್ನು ಎಳೆದು, ಸಂಜೆಯೊಳಗೆ ಪಾತ್ರೆ, ಹಾಸಿಗೆ, ದೇವರ ಜಗಲಿ, ಗೊಂಬೆ ಎಲ್ಲವನ್ನೂ ತುಂಬಿಬಿಡುವುದು. ಮಗು ಬರುವ ಹೊತ್ತಿಗೆ ಬಾಗಿಲಲ್ಲಿ ಲಾರಿ, ಒಳಗೆ ಬರೀ ಗೋಡೆ, ಅಮ್ಮನ ಕೈಯಲ್ಲಿ ಕ್ರೀಮ್ ಬಿಸ್ಕೀಟಿನ ಪೊಟ್ಟಣ. ಮನೆ ಬಿಚ್ಚುವುದನ್ನು ಮಕ್ಕಳು ನೋಡಬಾರದು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅದು ಅವಳದೇ ಶೋಧ, ಅವಳದೇ ಜಾಣತನ. ಹಲ್ಲು ಕೀಳುವ ಡಾಕ್ಟರು ಇಕ್ಕಳವನ್ನು ಬೆನ್ನ ಹಿಂದೆ ಹಿಡಿದಿರುವುದಿಲ್ಲವೇ, ಹಾಗೆ. ಸೃಷ್ಟಿ ಒಮ್ಮೆಯೂ ಅಳಲಿಲ್ಲ. ಬಿಸ್ಕೀಟು ಇಸಿದುಕೊಂಡು ಲಾರಿಯ ಮುಂದಿನ ಸೀಟಿಗೆ ಹತ್ತಿ ಕೂತುಬಿಡುತ್ತಿದ್ದಳು. ಬೇರೆಯವರ ಮಕ್ಕಳು ಗೇಟಿನ ಕಂಬ ಹಿಡಿದು ಗೋಳಾಡುವಾಗ ಶಿವಕಾಂತಾ ನೆರೆಯ ಹೆಂಗಸರಿಗೆ ಹೆಮ್ಮೆಯಿಂದಲೇ ಹೇಳಿದ್ದಳು, ನನ್ನ ಮಗಳು ಅಳುವವಳಲ್ಲ ಎಂದು. ಅಂಬಾಲಾದಲ್ಲಿ ಮಾತ್ರ ಒಂದು ಸಣ್ಣ ಕೆಲಸ ಉಳಿದಿತ್ತು. ಅಡಿಗೆ ಕಟ್ಟೆಯ ಕೆಳಗೆ, ನೆಲಕ್ಕೆ ತಾಗಿ, ಸೃಷ್ಟಿ ಮೇಣದ ಬಣ್ಣದಲ್ಲಿ ಗೇಣುದ್ದದ ಬಾಗಿಲೊಂದನ್ನು ಬರೆದಿದ್ದಳು, ಚಿಲಕ ಸಮೇತ. ಹಲ್ಲಿಗಂತೆ. ಹಳೇ ಮನೆಯ ಹಲ್ಲಿ ಅದರೊಳಗಿಂದ ಹೊಸ ಮನೆಗೆ ಬರುತ್ತದಂತೆ. ಕ್ವಾರ್ಟರ್ಸ್ ಬಿಡುವ ಮುಂಚೆ ತಪಾಸಣೆಗೆ ಬರುವವರು ಗೋಡೆಯ ಗೀಚನ್ನೆಲ್ಲ ಬರೆದುಕೊಳ್ಳುತ್ತಾರೆ. ಶಿವಕಾಂತಾ ಮೊಣಕಾಲೂರಿ ಕೂತು, ತೆಂಗಿನ ನಾರಿಗೆ ಸಾಬೂನು ಹಚ್ಚಿ, ಚಿಲಕದಿಂದ ಶುರುಮಾಡಿ ಆ ಬಾಗಿಲನ್ನು ಪೂರ್ತಿ ಒರೆಸಿದ್ದಳು. ತಪಾಸಣೆಗೆ ಬಂದವನು ಅಡಿಗೆ ಕಟ್ಟೆಯ ಕೆಳಗೆ ಬಗ್ಗಿಯೂ ನೋಡಲಿಲ್ಲ.

ಈ ಮನೆಗೆ ತಪಾಸಣೆಯವರು ಯಾರೂ ಬರುವುದಿಲ್ಲ. ಆದರೂ ಸೃಷ್ಟಿ ಇಲ್ಲಿನ ಗೋಡೆಗೆ ಒಂದು ಗೆರೆಯನ್ನೂ ಎಳೆದಿಲ್ಲ. ಇನ್ನೊಂದು ಅಭ್ಯಾಸ ಮಾತ್ರ ಹೊಸದಾಗಿ ಹತ್ತಿಕೊಂಡಿತ್ತು. ಮಧ್ಯಾಹ್ನ ಊಟದ ಗಂಟೆ ಬಾರಿಸಿದೊಡನೆ ಅವಳು ಎರಡು ಓಣಿ ದಾಟಿ ಮನೆಗೆ ಓಡಿಬರುತ್ತಾಳೆ. ಡಬ್ಬಿ ಸ್ಕೂಲಿನಲ್ಲೇ ಇರುತ್ತದೆ. ನೀರು ಕುಡಿಯಲು ಬಂದೆ ಎನ್ನುತ್ತಾಳೆ. ಒಂದು ಗುಟುಕು ಕುಡಿದು, ಮಂಚದಡಿಯ ಟ್ರಂಕುಗಳತ್ತ ಒಮ್ಮೆ ಕಣ್ಣು ಹಾಯಿಸಿ, ಮತ್ತೆ ಓಡುತ್ತಾಳೆ. ಸ್ಕೂಲಿನಲ್ಲಿ ನೀರಿಲ್ಲವೇನು ಎಂದು ಶಿವಕಾಂತಾ ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಉತ್ತರ ಬರಬಹುದು ಎಂಬ ಭಯ ಅವಳಿಗೂ ಇತ್ತು.

"ಬಿಗಿ ಆತೇನವ್ವ?" ಜಡೆಗೆ ರಿಬ್ಬನ್ ಕಟ್ಟುತ್ತ ಕೇಳಿದಳು. "ಇಲ್ಲ." ಅಷ್ಟೇ. ಮಣ್ಣೂರಿನಿಂದ ನಿನ್ನೆ ಬಸ್ಸಿಗೆ ಬಂದಿದ್ದ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳದ ನಡುವೆ ಸೃಷ್ಟಿ ಬ್ಯಾಗು ಹೆಗಲಿಗೇರಿಸಿ ಹೊರಟಳು. ಓಣಿಯ ಕೊನೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಹಾಡು ಹಾಕಿಕೊಂಡು ಹೋಗುತ್ತಿತ್ತು. ಅದು ದಾಟುವ ತನಕ ನಿಂತು, ಒಮ್ಮೆ ಹಿಂತಿರುಗಿ ಮನೆಯನ್ನು ನೋಡಿ ಮರೆಯಾದಳು.

"ಹೇಳೂ ಗೀಳೂ ಗೋಜಿಗಿ ಹೋಗಬ್ಯಾಡ," ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿ ಅದರ ಮೇಲೆ ನೀರು ಸವರಿದರು. "ಗಾಣಗಾಪುರಕ್ಕ ಹೋಗಿ ದೇವರಿಗಿ ಕಾಯಿ ಒಡಸ್ಕೊಂಡ್ ಬರೂಣು ಅಂತ ಬಸ್ ಹತ್ತಸು. ಹಂಗೇ ಕಲಬುರಗಿಗಿ ಹೋಗಿ ರೈಲ್ನಾಗ ಕುಂದ್ರಸು. ಸಾಮಾನು ನಿಮ್ಮ ಮಾವ ಹಿಂದಿಂದ ಲಾರಿಗಿ ಹಾಕ್ತಾರ. ಅವರಪ್ಪನ್ನ ಕಂಡ ಕೂಡ್ಲೇ ಎಲ್ಲಾ ಮರೀತದ ಕೂಸು."

"ಕೇಳಿದ್ರ ಏನ್ ಹೇಳ್ಲಿ ಅತ್ತಿ?"

"ಅದು ಎಲ್ಲಿ ಕೇಳ್ತದ? ಬಂಗಾರದಂಥಾ ಕೂಸು. ಒಂದು ದಿನಾ ಕೇಳಿಲ್ಲ."

ಒಂದು ದಿನ ಕೇಳಿತ್ತು. ಆಗ ಅದಕ್ಕೆ ನಾಲ್ಕು ವರ್ಷ. ಮಣ್ಣೂರಿನ ಮನೆಯಲ್ಲಿ ರಜೆ ಮುಗಿಸಿ ಶಾಂತಕುಮಾರ ಯೂನಿಫಾರ್ಮ್ ತೊಟ್ಟು ಹೊಸ್ತಿಲು ದಾಟಿದ್ದ. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅಜ್ಜಿಯ ಕಂಕುಳಲ್ಲಿದ್ದ ಮಗು ಕೈಚಾಚಿ, "ಪಪ್ಪಾ, ಎಲ್ಲಿಗಿ ಹೊಂಟಿ?" ಎಂದುಬಿಟ್ಟಿತು. ಅಜ್ಜಿ ಅಂಗೈಯಿಂದ ಅದರ ಬಾಯಿ ಮುಚ್ಚಿದರು. ಹೊರಟವರಿಗೆ ಎಲ್ಲಿಗೆ ಎಂದು ಕೇಳಬಾರದು. ಮಗನನ್ನು ಒಳಕ್ಕೆ ಕರೆದು, ಕೂಡಿಸಿ, ನೀರು ಕುಡಿಸಿ, ಮತ್ತೆ ಕಳಿಸಿದರು. ಕೂಸಲ್ಲವೇ ಎಂದು ಎಲ್ಲರೂ ನಕ್ಕಿದ್ದರು. ಶಿವಕಾಂತಾ ಕೂಡ ನಕ್ಕಿದ್ದಳು. ಬಿ.ಎ. ಓದಿದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಅಲ್ಲಿಂದಾಚೆ ಊರು ಬದಲಾಗುವಾಗೆಲ್ಲ ತುಟಿ ಬಿಗಿದುಕೊಂಡು ಕೂತಿರುತ್ತಿದ್ದ ಆ ಮಗುವಿನ ಮೌನ ಅವಳಿಗೆ ಅನುಕೂಲವಾಗಿತ್ತು. ಅನುಕೂಲವಾದದ್ದಕ್ಕೆ ಅವಳು ತಿಳಿವಳಿಕೆ ಎಂದು ಹೆಸರಿಟ್ಟಿದ್ದಳು.

ಸ್ಕೂಲಿಗೆ ಹೋಗಿ ವರ್ಗಾವಣೆ ಪತ್ರಕ್ಕೆ ಅರ್ಜಿ ಕೊಡಬೇಕಿತ್ತು. ಮಗಳು ಕ್ಲಾಸಿನಲ್ಲಿರುವ ಹೊತ್ತು ನೋಡಿಕೊಂಡು, ಹಿತ್ತಲ ಕಡೆಯ ಗೇಟಿನಿಂದ, ಸೆರಗು ತಲೆಯ ಮೇಲೆಳೆದುಕೊಂಡು ಹೋಗುವಾಗ ತನ್ನದೇ ನಡಿಗೆ ಅವಳಿಗೆ ಕಳ್ಳರ ನಡಿಗೆಯಂತೆ ಕಂಡಿತು. ಆಫೀಸಿನಲ್ಲಿ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದ. "ವರ್ಷದ ನಡಬರಕ ಟಿ.ಸಿ. ಕೇಳಾಕ ಬಂದೀರೇನ್ರಿ? ಮಿಲ್ಟ್ರಿಯವರದು ಹಿಂಗೇ ಬಿಡ್ರಿ. ಬರೂದೂ ಗೊತ್ತಾಗಂಗಿಲ್ಲ, ಹೋಗೂದೂ ಗೊತ್ತಾಗಂಗಿಲ್ಲ. ಹೆಸರು ಬರ್ದು ಮುಗಸೂದ್ರಾಗ ಹೆಸರು ಹೊಡೀಬೇಕು." ಪಕ್ಕದಲ್ಲಿದ್ದ ಇಬ್ಬರು ಶಿಕ್ಷಕರು ನಕ್ಕರು. ಕೆಟ್ಟ ನಗುವೇನಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನಾಚಿಕೆಯಾಯಿತು. ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆ ಕೆಳಗಿಟ್ಟು, ಯಾರೂ ಹೇಳದೆಯೇ ಒಂದು ಲೋಟ ನೀರು ತಂದು, ಅದರ ಮೇಲೆ ಮುಚ್ಚಿದ್ದ ತಟ್ಟೆ ತೆಗೆದು, "ಕುಡೀರಿ ಅಕ್ಕೋರೆ, ಬಿಸಿಲಾಗ ಬಂದೀರಿ" ಎಂದಳು. ಆ ನೀರು ಗಂಟಲಿನಲ್ಲಿ ಇಳಿಯುತ್ತಿರುವಾಗಲೇ ಗುಮಾಸ್ತ ಗಟ್ಟಿಯಾಗಿ ಕೇಳಿದ, "ಯಾವ ಊರಿಗ್ರಿ?"

ಬಾಗಿಲಲ್ಲಿ ಸೃಷ್ಟಿ ನಿಂತಿದ್ದಳು.

ಒರೆಸುವ ಡಸ್ಟರ್ ಒಯ್ಯಲು ಬಂದಿದ್ದಳು. ಅವಳ ಕಣ್ಣು ಅಮ್ಮನ ಮೇಲಿಂದ ಮೇಜಿನ ಮೇಲಿನ ಅರ್ಜಿಗೆ, ಅಲ್ಲಿಂದ ಗುಮಾಸ್ತನ ಪೆನ್ನಿಗೆ ಹೋಯಿತು. ಶಿವಕಾಂತಾಳ ಬಾಯಲ್ಲಿ ಇನ್ನೂ ನೀರಿತ್ತು. ಅದನ್ನು ನುಂಗಿ ಏನಾದರೂ ಹೇಳಲು ಬೇಕಾದ ಸಮಯವೆಲ್ಲ ಇತ್ತು. ಹೇಳಲಿಲ್ಲ. "ಮ್ಯಾಡಂ ಡಸ್ಟರ್ ತರಾಕ ಹೇಳ್ಯಾರ್ರಿ ಸರ್," ಎಂದಳು ಹುಡುಗಿ, ಕಂಟೋನ್ಮೆಂಟಿನ ಸ್ಕೂಲಿನಲ್ಲಿ ಕಲಿಸಿದ ಹಾಗೆ ನೆಟ್ಟಗೆ ನಿಂತು. ಡಸ್ಟರ್ ತೆಗೆದುಕೊಂಡು ಹೋದಳು. ಓಡಲಿಲ್ಲ, ತಿರುಗಿ ನೋಡಲಿಲ್ಲ, ಏನೂ ಕೇಳಲಿಲ್ಲ.

ಮನೆಗೆ ಬಂದು ಶಿವಕಾಂತಾ ಊಟದ ಗಂಟೆಗೆ ಕಾದಳು. ಇವತ್ತು ಓಡಿಬಂದವಳನ್ನು ಹಿಡಿದು ಕೂಡಿಸಿಕೊಂಡು ಹೇಳಿಬಿಡುತ್ತೇನೆ, ನೀರಿನ ಲೋಟ ಕೈಯಲ್ಲಿ ಕೊಟ್ಟ ಮೇಲೆ, ಇಲ್ಲ, ಕೊಡುವ ಮೊದಲು. ಗಂಟೆ ಬಾರಿಸಿದ್ದು ಕೇಳಿಸಿತು. ಮಕ್ಕಳ ಗದ್ದಲ ಕೇಳಿಸಿತು. ಓಣಿ ಖಾಲಿಯಾಗಿಯೇ ಇತ್ತು. ಎದುರು ಮನೆಯ ಕಟ್ಟೆಯ ಮೇಲೆ ಯಾರೋ ಒಣಹಾಕಿದ್ದ ತೊಗರಿಬೇಳೆಯ ಮೇಲೆ ಒಂದು ಗುಬ್ಬಿ ಕೂತು ಎದ್ದು ಕೂತು ಮಾಡುತ್ತಿತ್ತು. ಮತ್ತೆ ಗಂಟೆ ಬಾರಿಸಿತು. ಮಗಳು ಬರಲಿಲ್ಲ. ಬರುವಷ್ಟು ದಿನ ಅವಳಿಗೆ ಈ ಮನೆ ಉಳಿದಿರಬಹುದೆಂಬ ಆಸೆಯಿತ್ತು. ಇವತ್ತು ನೋಡಿ ಬರುವ ಅಗತ್ಯವೇ ಅವಳಿಗೆ ಉಳಿದಿಲ್ಲ ಎಂದು ಹೊಳೆದಾಗ ಶಿವಕಾಂತಾ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟಳು.

ಐದನೇ ಕ್ಲಾಸಿನ ಕಿಟಕಿಯಿಂದ ಕಂಡದ್ದು ಇಷ್ಟು. ಬೇರೆ ಮಕ್ಕಳ ಪುಸ್ತಕ, ಡಬ್ಬಿ, ಪೆನ್ಸಿಲುಗಳು ಬೆಂಚಿನ ತುಂಬ ಹರಡಿದ್ದವು. ಸೃಷ್ಟಿಯ ಮುಂದೆ ಏನೂ ಇರಲಿಲ್ಲ. ಬ್ಯಾಗಿಗೆ ಎಲ್ಲವನ್ನೂ ತುಂಬಿ, ಅದನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ಹಿಡಿದು, ಪ್ಲಾಟ್‌ಫಾರ್ಮಿನ ಮೇಲೆ ರೈಲಿಗಾಗಿ ಕಾಯುವವಳಂತೆ ಕೂತಿದ್ದಳು. ಪಕ್ಕದಲ್ಲಿದ್ದ ಮಹೆಕ ಕಿಟಕಿಯತ್ತ ಕುತ್ತಿಗೆ ಚಾಚಿ ಪಿಸುಗುಟ್ಟಿದಳು. "ಆಂಟಿ, ಇಕಿ ಊಟಾನೂ ಮಾಡ್ಲಿಲ್ರಿ. ನಾ ಶೇಂಗಾ ಹೋಳಿಗಿ ಕೊಟ್ರೂ ಬ್ಯಾಡ ಅಂದ್ಳು. ನನ್ನ ಕೂಡ ಟೂ ಬಿಟ್ಟಾಳೇನ್ರಿ?" ಮ್ಯಾಡಂ ಬಾಗಿಲಿಗೆ ಬಂದವರು ಶಿವಕಾಂತಾಳ ಬರಿಗಾಲು ನೋಡಿದರು, ಕಾರಣ ಕೇಳಲಿಲ್ಲ. "ಸೃಷ್ಟಿ, ಅಮ್ಮನ ಕೂಡ ಹೋಗವ್ವ. ಹಾಜರಿ ನಾ ಹಾಕ್ಕೊಂಡೀನಿ" ಎಂದರು.

ಸ್ಕೂಲಿನ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರೂ ಕೂತರು. ಸೃಷ್ಟಿ ಬ್ಯಾಗನ್ನು ಬೆನ್ನಿನಿಂದ ಇಳಿಸಲಿಲ್ಲ. ಎದುರಿನ ರಸ್ತೆಯಲ್ಲಿ ಬಿದ್ದಿದ್ದ ಕಬ್ಬಿನ ಜಲ್ಲೆಯೊಂದನ್ನು ಆಡು ಎಳೆದಾಡುತ್ತಿತ್ತು. ಸಿದ್ಧ ಮಾಡಿಕೊಂಡು ಬಂದ ಮಾತುಗಳೆಲ್ಲ ಶಿವಕಾಂತಾಳ ನಾಲಿಗೆಯ ಮೇಲೆ ಬಿಸ್ಕೀಟಿನ ಹಾಗೆ ಸಿಹಿಸಿಹಿಯಾಗಿದ್ದವು. ಪಪ್ಪಾ ಇರ್ತಾರೆ, ದೊಡ್ಡ ಮನೆ ಇರುತ್ತದೆ, ಉಯ್ಯಾಲೆ ಇರುತ್ತದೆ. ಅವನ್ನೆಲ್ಲ ನುಂಗಿದಳು.

"ನೋಡಿದಿ ಅಲ್ಲ, ನಾ ಆಫೀಸಿನ್ಯಾಗ ಇದ್ದದ್ದು?"

ತಲೆಯಾಡಿಸಿದಳು.

"ಹಂಗಾದ್ರ ಕೇಳು. ಎಲ್ಲಿಗಿ ಅಂತ ಕೇಳು."

ಸೃಷ್ಟಿ ಆಡನ್ನು ನೋಡುತ್ತಲೇ ಇದ್ದಳು. "ಕೇಳಬಾರದು."

"ಇವತ್ತು ಕೇಳು. ನಾ ಹೇಳಾಕತ್ತೇನಲ್ಲ."

"ಕೇಳಿದ್ರ ಪಪ್ಪಾನ ಕಾಲು ಮತ್ತ ಮುರೀತದ."

ಶಿವಕಾಂತಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾದಾಗ ಬೇವಿನ ನೆರಳೂ ಸುಟ್ಟ ಹಾಗಾಯಿತು. ಆ ರಜೆ ಮುಗಿಸಿ ಹೋದ ಮೇಲೆ ಶಾಂತಕುಮಾರನ ಜೀಪು ಉರುಳಿ ಅವನ ಎಡಗಾಲಿನ ಮೂಳೆ ಮುರಿದಿತ್ತು. ನೋಡಿಕೊಂಡು ಹೋಗಲು ಬಂದ ಹೆಂಗಸರಲ್ಲಿ ಯಾರೋ ಒಬ್ಬರು, ಚಹಾ ಕುಡಿಯುತ್ತ, ಸುಮ್ಮನೆ ಮಾತಿಗೆ ಮಾತು ಸೇರಿಸಿ ಹೇಳಿದ್ದರು: "ಹೊಂಟಾಗ ಕೂಸು ಅಡ್ಡ ಕೇಳಿತ್ತಂತಲ್ಲ." ಮಗು ಆಗ ಮೂಲೆಯಲ್ಲಿ ಕೂತು ತಟ್ಟೆಯ ಅವಲಕ್ಕಿಯಿಂದ ಶೇಂಗಾ ಹೆಕ್ಕುತ್ತಿತ್ತು. ಅದು ಕೇಳಿಸಿಕೊಂಡೀತೆಂದು ಯಾರಿಗೂ ಅನ್ನಿಸಿರಲಿಲ್ಲ. ಕಾಲು ಕೂಡಿತು, ಕುಂಟು ಹೋಯಿತು, ಮನೆಯವರೆಲ್ಲ ಮರೆತರು. ಒಂದು ಮಗು ಮಾತ್ರ ಇಷ್ಟು ವರ್ಷ, ಅಷ್ಟು ಊರುಗಳ ನಡುವೆ, ಬಾಯಿ ಮುಚ್ಚಿಕೊಂಡು ಅಪ್ಪನ ಕಾಲನ್ನು ಕಾಯುತ್ತಿತ್ತು. ಅದನ್ನು ತೋರಿಸಿ ಶಿವಕಾಂತಾ ನೆರೆಯವರ ಮುಂದೆ ಜಂಬಪಟ್ಟಿದ್ದಳು.

ಅವಳು ಮಗಳ ಬೆನ್ನಿನಿಂದ ಬ್ಯಾಗನ್ನು ಇಳಿಸಿದಳು. ಅದು ಇಷ್ಟು ಭಾರವಿದೆಯೇ ಎನ್ನಿಸಿತು. "ಸೃಷ್ಟಿ, ಜೀಪಿನ ಡ್ರೈವರ್‌ಗಿ ನಿದ್ದಿ ಹತ್ತಿತ್ತು. ರಸ್ತಾ ತಿರುಗಿತ್ತು, ಅವ ತಿರುಗಿಸಲಿಲ್ಲ. ಅದಕ್ಕ ಮುರೀತು. ನಿನ್ನ ಮಾತಿಗಿ ಮೂಳಿ ಮುರಿಯೂದಿಲ್ಲವ್ವ. ಯಾರ ಮಾತಿಗೂ ಇಲ್ಲ. ಬೇಕಾದ್ರ ಪಪ್ಪಾನ್ನೇ ಕೇಳು."

ಫೋನು ಹಚ್ಚಿದಳು. ಗಡಿಯ ಗಾಳಿಯ ಸದ್ದಿನ ನಡುವೆ ಶಾಂತಕುಮಾರ ಮೊದಲು ಬೆಚ್ಚಿದ, "ಏನಾತು?" ಅಂದ. ಶಿವಕಾಂತಾ ವಿಷಯ ಹೇಳಿ, ಸ್ಪೀಕರ್ ಹಾಕಿ ಫೋನನ್ನು ಮಗಳ ಕೈಗಿಟ್ಟಳು. ಆಮೇಲೆ, "ಏ ಹುಚ್ಚಿ, ಆ ಡ್ರೈವರ್ ಗೊರಕಿ ಹೊಡ್ಯಾಕತ್ತಿದ್ದ ಬೇ! ನಾನೇ ಕೇಳಿಸ್ಕೊಂಡು ಪಾಪ ಅಂತ ಸುಮ್ಮಿದ್ದೆ. ಎಬ್ಬಿಸಬೇಕಿತ್ತು. ಸುಮ್ಮ ಕುಂತದ್ದಕ್ಕ ಮುರೀತು ಕಾಲು, ಕೇಳಿದ್ದಕ್ಕಲ್ಲ" ಎಂದ. ಕೊನೆಯಲ್ಲಿ ಅವನ ದನಿ ಒಡೆಯಿತು. ಅದನ್ನು ಮುಚ್ಚಲು ಕೆಮ್ಮಿದ.

ಸೃಷ್ಟಿ ಫೋನನ್ನು ಅಮ್ಮನ ಕೈಗಿತ್ತಳು. ಲಂಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಬಹಳ ಸಣ್ಣ ದನಿಯಲ್ಲಿ, ಬಿಸಿ ಪಾತ್ರೆ ಮುಟ್ಟಿ ನೋಡುವ ಹಾಗೆ, "ಎಲ್ಲಿಗಿ?" ಎಂದಳು. ಎಂದು, ಸುತ್ತ ನೋಡಿದಳು. ಆಡು ಕಬ್ಬು ಜಗಿಯುತ್ತಲೇ ಇತ್ತು.

"ಝಾನ್ಸಿಗಿ."

"ಯಾವಾಗ?"

"ಮುಂದಿನ ಸೋಮವಾರ."

"ಹೆಂಗ? ರೈಲಿಗಾ? ಅಲ್ಲಿ ಸಾಲಿ ಯಾವುದು? ಕನ್ನಡ ಇರ್ತದಾ? ಪಪ್ಪಾ ದಿನಾ ಮನಿಗಿ ಬರ್ತಾರಾ? ಅಂಬಾಲಾದ ಸೈಕಲ್ ಯಾರಿಗಿ ಕೊಟ್ಟಿ? ನನಗ ಕೇಳದನ ಯಾಕ ಕೊಟ್ಟಿ? ಅಡಿಗಿ ಕಟ್ಟಿ ಕೆಳಗಿನ ಬಾಗಿಲ ಯಾರು ಒರಸಿದ್ರು?"

"ನಾನೇ ಒರಸಿದ್ನವ್ವ."

"ಗೊತ್ತಿತ್ತು," ಎಂದಳು ಸೃಷ್ಟಿ. ಸಿಟ್ಟಿನಿಂದಲ್ಲ. "ಝಾನ್ಸಿ ಆದ್ಮ್ಯಾಲ ಎಲ್ಲಿಗಿ?"

"ಗೊತ್ತಿಲ್ಲ."

"ಗೊತ್ತಾದ ಕೂಡ್ಲೇ ಹೇಳ್ತಿ?"

"ಗೊತ್ತಾದ ದಿನಾನೇ ಹೇಳ್ತೇನಿ. ಸಾಮಾನು ಕಟ್ಟೂದು ನಿನ್ನ ಮುಂದನ. ನೀ ಬ್ಯಾಡ ಅಂದ್ರೂ ಹೋಗಬೇಕಾಗ್ತದ, ಆದ್ರ ನಿನಗ ಗೊತ್ತಿಲ್ದ ಹೋಗೂದಿಲ್ಲ."

ಗೊತ್ತಿಲ್ಲ ಎಂಬ ಉತ್ತರ ಮಗುವನ್ನು ಹೆದರಿಸೀತೆಂದು ಇಷ್ಟು ದಿನ ಅಂದುಕೊಂಡಿದ್ದಳು. ಆದರೆ ಸೃಷ್ಟಿ ಆ ಉತ್ತರವನ್ನು ಕೇಳಿ, ತನ್ನ ಡಬ್ಬಿ ತೆಗೆದು, ತಣ್ಣಗಾದ ಚಪಾತಿಯನ್ನು ಸುರುಳಿ ಸುತ್ತಿ ತಿನ್ನತೊಡಗಿದಳು.

ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳುವಾಗ ಶಿವಕಾಂತಾಳ ಮಾತಿನಲ್ಲಿ ತುಸು ಮೊನಚಿತ್ತು. ಮಾತು ಮುಗಿಯುವಷ್ಟರಲ್ಲಿ ಆ ಮೊನಚಿಗೆ ಅವಳೇ ನಾಚಿಕೊಂಡಳು. ಅತ್ತೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, ತಮ್ಮ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಅಂದು ಮಗುವಿನ ಬಾಯಿ ಮುಚ್ಚಿದ ಕೈ ಅದೇ ಇರಬೇಕು. ಎದ್ದು ಬೆಲ್ಲದ ಚೂರೊಂದನ್ನು ಮೊಮ್ಮಗಳ ಕೈಗಿಟ್ಟು, "ನಮ್ಮವ್ವ ನನ್ನ ಬಾಯಿ ಮುಚ್ಚಿದ್ಳು, ನಾ ನಿನ್ನ ಬಾಯಿ ಮುಚ್ಚಿದೆ" ಎಂದಷ್ಟೇ ಹೇಳಿದರು.

ಸ್ಕೂಲು ಬಿಡುವ ಹೊತ್ತಿಗೆ ಸೃಷ್ಟಿ ಎದ್ದು ನಿಂತಳು. "ಮಹೆಕ್‌ಗಿ ನಾನೇ ಹೇಳ್ತೇನಿ. ನೀ ಮೊದ್ಲೇ ಹೇಳಬ್ಯಾಡ." ತಾಯಿ ಮಗಳು ಹೊಸ್ತಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಒಳಗಿನಿಂದ ಅತ್ತೆ ದನಿಯೆತ್ತಿ, ಪಕ್ಕದ ಮನೆಯವರಿಗೂ ಕೇಳುವ ಹಾಗೆ ಕೂಗಿದರು: "ಏ ಸೃಷ್ಟಿ! ಎಲ್ಲಿಗಿ ಹೊಂಟೀಯವ್ವ?" ಆ ಮುದುಕಿಗೆ ಆ ಮಾತನ್ನು ಆಡುವುದು ಎಷ್ಟು ಕಷ್ಟವಾಗಿರಬೇಕೆಂದು ಶಿವಕಾಂತಾಳಿಗೆ ಗೊತ್ತಿತ್ತು. ಸೃಷ್ಟಿ ಒಂದು ಕ್ಷಣ ಗರಬಡಿದು ನಿಂತಳು. ಆಮೇಲೆ, "ಮಹೆಕ್‌ನ ಮನಿಗಿ!" ಎಂದು ಅಷ್ಟೇ ಗಟ್ಟಿಯಾಗಿ ಕೂಗಿದಳು. "ಹೂಂ, ಹೋಗಿ ಬಾ," ಎಂದರು ಅತ್ತೆ.

ಮಹೆಕಳ ಅಜ್ಜಿ ಕುಲಸುಮಬಿ ಬಾಗಿಲ ಮುಂದೆ ಚಾಪೆ ಹಾಸಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. "ಬರ್ರಿ ಬರ್ರಿ, ಆಜ್ ಸೂರ್ಯ ಯಾವ ಕಡೆ ಹುಟ್ಯಾನ, ತಾಯಿ ಮಗಳು ಕೂಡೇ ಬಂದೀರಿ" ಎಂದು ಚಾಪೆಯ ಅರ್ಧವನ್ನು ಖಾಲಿ ಮಾಡಿದಳು. ಮಹೆಕ ಯೂನಿಫಾರ್ಮಿನಲ್ಲೇ ಓಡಿಬಂದು, ಸೃಷ್ಟಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನನ್ನ ಹೋಳಿಗಿ ಯಾಕ ತಿನ್ಲಿಲ್ಲ ಬೇ?"

"ನಾವು ಝಾನ್ಸಿಗಿ ಹೊಂಟೀವಿ. ಸೋಮವಾರ."

"ಯಾವಾಗ ಬರ್ತಿ?"

"ಗೊತ್ತಿಲ್ಲ."

"ಹೋಗಲೇ, ಸುಳ್ಳಿ!" ಮಹೆಕ ಸೃಷ್ಟಿಯ ಭುಜಕ್ಕೆ ಒಂದು ಏಟು ಕೊಟ್ಟಳು. ಸೃಷ್ಟಿ ತಿರುಗಿ ಕೊಟ್ಟಳು. ಮಹೆಕಳ ಮುಖ ಮುದುಡಿತು. ಅದನ್ನು ನೋಡುತ್ತಿದ್ದ ಸೃಷ್ಟಿಯ ಕೆಳತುಟಿ ನಡುಗಿತು, ತಡೆಯಿತು, ಮತ್ತೆ ನಡುಗಿತು. ಬಾಯಿ ಅಗಲವಾಗಿ ತೆರೆಯಿತು. ಶಿವಕಾಂತಾ ಎಂದೂ ಕೇಳಿರದ ಒಂದು ಸದ್ದು ಅದರಿಂದ ಹೊರಬಂತು. ಎಷ್ಟೋ ಊರುಗಳ ಹಿಂದಿನಿಂದ ಬರುತ್ತಿರುವಂಥ ಅಳು. ಶಿವಕಾಂತಾ ಎದ್ದಳು, ಸುಮ್ಮನಾಗಿಸಬೇಕು, ಏನಾದರೂ ಸಿಹಿ ಕೊಡಬೇಕು. ಕುಲಸುಮಬಿ ಖಾರದ ಕೈ ತಾಗದಂತೆ ಮಣಿಕಟ್ಟಿನಿಂದಲೇ ಅವಳ ಮೊಣಕೈಯನ್ನು ಹಿಂದಕ್ಕೆ ಒತ್ತಿ ಕೂಡಿಸಿದಳು. "ಅಳ್ಲಿ ಬಿಡ್ರಿ ಬೇಟಿ. ಪ್ರೀತಿ ಇದ್ದಲ್ಲೇ ಅಲ್ಲೇನ್ರಿ ಅಳೂದು?"

ಶಿವಕಾಂತಾ ಕೂತಳು. ಏನೂ ಮಾಡದೆ ಕೂತಿರುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ಅವಳೂ ಒಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡು ತೊಟ್ಟು ಮುರಿಯತೊಡಗಿದಳು. ಕಣ್ಣು ಉರಿದರೆ ಕಾರಣ ಇರಲಿ ಎಂದು. ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತು, ಬಿಕ್ಕಿ, ಮೂಗೊರೆಸಿಕೊಂಡು, ಕಟ್ಟೆಯ ತುದಿಗೆ ಹೋಗಿ ಕೂತರು. ಆಮೇಲೆ ಅಲ್ಲಿಂದ ಗುಸುಗುಸು ಶುರುವಾಯಿತು.

"ನನ್ನ ಬಾಜೂಕ ಇನ್ನ ಯಾರ್ ಕುಂದ್ರಬೇಕು?"

"ಐಶ್ವರ್ಯಾನ ಕುಂದ್ರಸಬ್ಯಾಡ. ಆಕಿ ಚಿವುಟ್ತಾಳ."

"ಮತ್ತ ಯಾರನ್ನ?"

ಸೃಷ್ಟಿ ಯೋಚಿಸಿದಳು. ಕೆನ್ನೆಯ ಮೇಲಿನ ನೀರು ಇನ್ನೂ ಆರಿರಲಿಲ್ಲ. "ಶಿವಗಂಗಾನ ಕುಂದ್ರಸು. ಆಕಿಗಿ ಬೋರ್ಡ್ ಕಾಣಂಗಿಲ್ಲ, ಹಿಂದ ಕುಂತು ಬರೇ ತಪ್ಪು ಬರೀತಾಳ. ನಾ ನಾಳೆ ಬಂದು ಆಕಿಗಿ ಕಿಟಕಿ ಕಡೀಗಿ ಹೆಂಗ ಕುಂದ್ರಬೇಕು ಅಂತ ತೋರಸ್ತೇನಿ. ಆ ಕಡೆ ಬೆಂಚಿನ ಮೊಳೆ ಎದ್ದದ, ಲಂಗಾ ಹರೀತದ."